ಕೂಗು ನಿಂತ ಮೇಲೆ

ಗೂಡಿನ ಚಿಲಕ ಸರಿದ ಸದ್ದಿಗೇ ತಾಯಿ ಹಂದಿ ತಲೆ ಎತ್ತುತ್ತದೆ. ಒಳಗೆ ಬಂದವನು ಮೊಲೆಗೆ ಅಂಟಿಕೊಂಡು ಮಲಗಿದ್ದ ಹತ್ತು ಮರಿಗಳಲ್ಲಿ ಗಂಡುಮರಿಯೊಂದನ್ನು ಹಿಂಗಾಲು ಹಿಡಿದು ಎತ್ತಿಕೊಳ್ಳುತ್ತಾನೆ. ಐದು ದಿನದ ಮರಿ. ತೂಕ ಹೆಚ್ಚೆಂದರೆ ಎರಡು ಲೀಟರ್ ಹಾಲಿನಷ್ಟು. ಎತ್ತಿದ್ದಕ್ಕೇ ಅದು ಕಿರುಚಲು ಶುರು ಮಾಡುತ್ತದೆ. ಬ್ಲೇಡು ಚರ್ಮಕ್ಕೆ ತಾಗಿದಾಗ ದನಿ ಇನ್ನೊಂದು ಮೆಟ್ಟಿಲು ಏರುತ್ತದೆ. ಬೀಜವನ್ನು ಒಳಗಿನಿಂದ ಹಿಡಿದುಕೊಂಡಿರುವ ಹುರಿಯನ್ನು ಎಳೆದು ಕತ್ತರಿಸುವಾಗ ಅದಕ್ಕಿಂತಲೂ ಮೇಲಕ್ಕೆ. ಪಳಗಿದ ಕೈಗೆ ಎರಡೂ ಬೀಜ ತೆಗೆಯಲು ಅರ್ಧ ನಿಮಿಷ ಸಾಕು. ಗಾಯಕ್ಕೆ ಟಿಂಕ್ಚರ್ ಸವರಿ ಮರಿಯನ್ನು ಗೂಡಿಗೆ ಬಿಟ್ಟರೆ, ಸ್ವಿಚ್ ಆರಿಸಿದಂತೆ ಕೂಗು ನಿಲ್ಲುತ್ತದೆ.

‘ನೋಡಿ, ಆಗ್ಲೇ ಮರ್ತೋಯ್ತು’ ಎನ್ನುತ್ತಾನೆ ಹಿಡಿದವನು.

ಹಂದಿ ಸಾಕುವವರ ಬಾಯಲ್ಲಿ ಇಷ್ಟು ಸಲೀಸಾಗಿ ಬರುವ ಮಾತು ಇನ್ನೊಂದಿಲ್ಲ. ಇಷ್ಟು ತಪ್ಪಾದ ಮಾತೂ ಇನ್ನೊಂದಿಲ್ಲ. ನಿಂತಿರುವುದು ಕೂಗು ಮಾತ್ರ. ಮೈಯೊಳಗಿನ ಗಲಾಟೆ ಆಗಷ್ಟೇ ಶುರುವಾಗಿರುತ್ತದೆ. ಅದು ಕೆಲವು ಗಂಟೆಗಳಲ್ಲಿ ಮುಗಿಯುತ್ತದೆಯೋ, ವಾರಗಟ್ಟಲೆ ಎಳೆದು ಒಂದು ಮರಿಯನ್ನೇ ಬಲಿ ತೆಗೆದುಕೊಳ್ಳುತ್ತದೆಯೋ ಎಂಬುದು ಆ ಅರ್ಧ ನಿಮಿಷದ ಕೈಚಳಕಕ್ಕಿಂತ ಹಿಂದಿನ ಮೂರು ದಿನ ಮತ್ತು ಮುಂದಿನ ಮೂರು ದಿನ ಸಾಕುವವನು ಏನು ಮಾಡಿದ ಎಂಬುದರ ಮೇಲೆ ನಿಂತಿದೆ.

ವಾಸನೆಗಾಗಿ ಒಂದು ಗಾಯ

ಬೀಜ ಯಾಕೆ ತೆಗೆಯಬೇಕು? ಮುಖ್ಯ ಕಾರಣ ಅಡುಗೆಮನೆಯಲ್ಲಿದೆ. ಗಂಡು ಹಂದಿ ಐದಾರು ತಿಂಗಳಿಗೆ ಪ್ರಾಯಕ್ಕೆ ಬರುತ್ತಿದ್ದಂತೆ ಅದರ ಬೀಜದಲ್ಲಿ ಆಂಡ್ರೊಸ್ಟೆನೋನ್ ಎಂಬ ವಸ್ತು ತಯಾರಾಗುತ್ತದೆ. ಹೆಣ್ಣು ಹಂದಿಗೆ ಅದು ಗಂಡಿನ ಸುಳಿವು, ಗಂಡಿನ ಬಾಯಿಯ ನೊರೆಯಲ್ಲಿ ಸೇರಿ ಹೊರಬರುತ್ತದೆ. ಆದರೆ ಅದೇ ವಸ್ತು ಮೈಯ ಕೊಬ್ಬಿನಲ್ಲೂ ಸೇರಿಕೊಳ್ಳುತ್ತದೆ. ಮಾಂಸವನ್ನು ಬಾಣಲೆಗೆ ಹಾಕಿ ಕೊಬ್ಬು ಕರಗತೊಡಗಿದಾಗ ಮೂತ್ರ–ಬೆವರಿನ ಗಬ್ಬು ಏಳುತ್ತದೆ. ಇದರ ಜೊತೆಗೆ ಸ್ಕಟೋಲ್ ಎಂಬ ಇನ್ನೊಂದಿದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವನ್ನು ಒಡೆದಾಗ ಹುಟ್ಟುವ ಇದರದ್ದು ಸಗಣಿಯ ವಾಸನೆ. ಹೆಣ್ಣು ಹಂದಿಯ ಹೊಟ್ಟೆಯಲ್ಲೂ ಇದು ಹುಟ್ಟುತ್ತದೆ, ಆದರೆ ಅದರ ಯಕೃತ್ತು ಅದನ್ನು ಬೇಗ ಕರಗಿಸಿ ಹೊರಹಾಕುತ್ತದೆ. ಪ್ರಾಯದ ಗಂಡಿನಲ್ಲಿ ಹಾರ್ಮೋನುಗಳು ಯಕೃತ್ತಿನ ಆ ಕೆಲಸಕ್ಕೆ ಅಡ್ಡ ಬರುತ್ತವೆ.

ತಮಾಷೆಯೆಂದರೆ ಆಂಡ್ರೊಸ್ಟೆನೋನ್ ವಾಸನೆ ಎಲ್ಲರಿಗೂ ಬರುವುದಿಲ್ಲ. ಮೂಗಿನ ಒಂದು ಜೀನಿನ ವ್ಯತ್ಯಾಸದಿಂದ ಕೆಲವರಿಗೆ ಅದು ತಡೆಯಲಾರದ ನಾತ, ಕೆಲವರಿಗೆ ಏನೂ ಇಲ್ಲ. ಒಂದೇ ಪಂಕ್ತಿಯಲ್ಲಿ ಕೂತ ಇಬ್ಬರಲ್ಲಿ ಒಬ್ಬರು ತಟ್ಟೆ ತಳ್ಳಿ ಏಳಬಹುದು, ಇನ್ನೊಬ್ಬರು ಎರಡನೇ ಸಲ ಬಡಿಸಿಕೊಳ್ಳಬಹುದು. ಸ್ಕಟೋಲಿನ ವಿಷಯದಲ್ಲಿ ಮಾತ್ರ ಹೆಚ್ಚು ಕಡಿಮೆ ಎಲ್ಲರ ಮೂಗೂ ಒಂದೇ.

ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಬಹುತೇಕ ಹಂದಿಗಳಿಗೆ ಬೀಜ ತೆಗೆಯುವುದೇ ಇಲ್ಲ. ಪ್ರಾಯ ಬಲಿಯುವ ಮೊದಲೇ, ಹಗುರ ತೂಕದಲ್ಲೇ ಮಾರಿಬಿಡುವ ರೂಢಿ ಅಲ್ಲಿ ಬೆಳೆದಿದೆ. ಕೊಡಗು, ಮಂಗಳೂರು ಕಡೆಯ ಅಡುಗೆಗೆ ಅದು ಅಷ್ಟು ಸುಲಭವಾಗಿ ಒಗ್ಗದು. ಕಾಚಂಪುಳಿ ಹಾಕಿದ ಪಂದಿ ಕರಿಯ ಜೀವವಿರುವುದೇ ತೊಗಲಿನ ಕೆಳಗಿನ ಕೊಬ್ಬಿನ ಪದರದಲ್ಲಿ. ವಾಸನೆ ಹೋಗಿ ಕೂರುವುದೂ ಅಲ್ಲೇ. ಚೆನ್ನಾಗಿ ಬಲಿತ ಹಂದಿಯ ಕೊಬ್ಬು ಬೇಕು, ವಾಸನೆ ಮಾತ್ರ ಬೇಡ ಎಂದಾಗ ಬ್ಲೇಡು ಹೊರಬರುತ್ತದೆ. ಬೀಜವಿರುವ ಗಂಡುಗಳು ಬೆಳೆಯುತ್ತಾ ಒಂದನ್ನೊಂದು ಹತ್ತಿ, ಕಚ್ಚಿ ಗೂಡಿನಲ್ಲಿ ರಂಪ ಮಾಡುತ್ತವೆ ಎಂಬುದು ಇನ್ನೊಂದು ಕಾರಣ.

ಹೋರಿಗಾದರೆ ಬರ್ಡಿಝೋ ಇಕ್ಕಳದಲ್ಲಿ ಹುರಿಯನ್ನು ಚರ್ಮದ ಹೊರಗಿನಿಂದಲೇ ಜಜ್ಜಿ ಬೀಜ ಒಡೆಯಬಹುದು. ಹಂದಿಯ ಬೀಜದ ಚೀಲ ಜೋತುಬಿದ್ದಿರುವುದಿಲ್ಲ, ಹಿಂಭಾಗದಲ್ಲಿ ಮೈಗೆ ಅಂಟಿಕೊಂಡೇ ಇರುತ್ತದೆ. ಇಕ್ಕಳ ಹಾಕಲು ಜಾಗವಿಲ್ಲ. ಹಾಗಾಗಿ ಇಲ್ಲಿ ಕೊಯ್ಯುವುದೊಂದೇ ದಾರಿಯಾಗಿ ಉಳಿದುಬಂದಿದೆ.

ಮೈಯೊಳಗಿನ ಗಡಿಯಾರ

ಬ್ಲೇಡು ತಾಗಿದ ಕ್ಷಣಕ್ಕೆ ಮರಿಯ ಮೈಯಲ್ಲಿ ಎರಡು ಗಡಿಯಾರಗಳು ಓಡತೊಡಗುತ್ತವೆ. ಒಂದು ಒತ್ತಡದ್ದು, ಇನ್ನೊಂದು ರೋಗನಿರೋಧದ್ದು. ಮೊದಲನೆಯದಕ್ಕೆ ವೇಗ ಜಾಸ್ತಿ.

ಕೆಲವೇ ಸೆಕೆಂಡುಗಳಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಸುರಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೂಡಿಟ್ಟ ಸಕ್ಕರೆ ಕರಗಿ ರಕ್ತಕ್ಕೆ ಬರುತ್ತದೆ, ಒದ್ದಾಡಿದ ಸ್ನಾಯುಗಳಿಂದ ಲ್ಯಾಕ್ಟೇಟ್ ಏರುತ್ತದೆ. ಐದು ನಿಮಿಷದೊಳಗೆ ಮಿದುಳಿನ ತಳದ ಪಿಟ್ಯುಟರಿಯಿಂದ ಎಸಿಟಿಎಚ್ ಹಾರ್ಮೋನು ಹೊರಟಿರುತ್ತದೆ. ಅದರ ಆಜ್ಞೆಗೆ ಅಡ್ರಿನಲ್ ಗ್ರಂಥಿಯ ಹೊರಪದರ ಕಾರ್ಟಿಸೋಲ್ ತಯಾರಿಸುತ್ತದೆ. ಹದಿನೈದು ನಿಮಿಷಕ್ಕೆ ರಕ್ತದಲ್ಲಿ ಕಾರ್ಟಿಸೋಲ್ ಮೇಲೇರಿರುವುದು ಕಾಣುತ್ತದೆ, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಶಿಖರ ಮುಟ್ಟುತ್ತದೆ, ಆಮೇಲೆ ಎರಡು–ಮೂರು ಗಂಟೆಗಳಲ್ಲಿ ಇಳಿಯುತ್ತದೆ. ಸುಮ್ಮನೆ ಎತ್ತಿ ಹಿಡಿದು ಬಿಟ್ಟ ಮರಿಗಳಲ್ಲೂ ಕಾರ್ಟಿಸೋಲ್ ಸ್ವಲ್ಪ ಏರುತ್ತದೆ. ಬೀಜ ತೆಗೆದ ಮರಿಗಳಲ್ಲಿ ಅದಕ್ಕಿಂತ ಎತ್ತರಕ್ಕೆ ಏರುತ್ತದೆ. ಈ ಎರಡರ ನಡುವಿನ ಅಂತರವನ್ನೇ ಸಂಶೋಧಕರು ಗಾಯದ ಪಾಲು ಎಂದು ಲೆಕ್ಕ ಹಿಡಿಯುತ್ತಾರೆ.

ಹಾಗಾದರೆ ಮೂರು ಗಂಟೆಯಲ್ಲಿ ಎಲ್ಲ ಮುಗಿಯಿತೇ? ಫ್ರಾನ್ಸಿನ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನೇ ಬೆನ್ನು ಹತ್ತಿತ್ತು. ಬೀಜ ತೆಗೆದ ಮರಿಗಳನ್ನು ಅವರು ಐದು ದಿನ ಕಾದು ನೋಡಿದರು. ಮೂತ್ರದಲ್ಲಿನ ಒತ್ತಡದ ಹಾರ್ಮೋನುಗಳು ಹೆಚ್ಚಿನದೇನನ್ನೂ ಹೇಳಲಿಲ್ಲ. ಬಾಲ ಹೇಳಿತು. ಮೊದಲ ಗಂಟೆಗಳಲ್ಲಿ ಮರಿಗಳು ಮೈ ಮುದುಡಿಕೊಂಡು, ನಡುಗುತ್ತ, ಸೆಟೆದು ನಿಂತವು. ಮೊಲೆಯ ಹತ್ತಿರದ ಓಡಾಟ ಕಡಿಮೆಯಾಯಿತು. ಹಿಂಭಾಗವನ್ನು ನೆಲಕ್ಕೆ ಉಜ್ಜುವುದು, ಬಾಲ ಅಲ್ಲಾಡಿಸುತ್ತಲೇ ಇರುವುದು ದಿನಗಟ್ಟಲೆ ಮುಂದುವರಿಯಿತು. ಹಾರ್ಮೋನು ಸುಮ್ಮನಾದ ಮೇಲೂ ಗಾಯ ಸುಮ್ಮನಾಗಿರಲಿಲ್ಲ. ಪ್ರಯೋಗಾಲಯವಿಲ್ಲದ ಸಾಕಣೆಗಾರನಿಗೆ ಇದು ಒಳ್ಳೆಯ ಸುದ್ದಿಯೇ. ರಕ್ತಪರೀಕ್ಷೆಗಿಂತ ಅವನ ಕಣ್ಣು ಹೆಚ್ಚು ಕಾಣಬಲ್ಲದು.

ಎರಡನೇ ಗಡಿಯಾರ ನಿಧಾನ. ಕೊಯ್ದ ಜಾಗದ ಜೀವಕೋಶಗಳು ಪ್ರೊಸ್ಟಗ್ಲಾಂಡಿನ್‌ಗಳನ್ನು ಬಿಡುಗಡೆ ಮಾಡುತ್ತವೆ. ಬಾವು, ಕೆಂಪು, ಮುಟ್ಟಿದರೆ ಉರಿ, ಎಲ್ಲ ಅವುಗಳದ್ದೇ ಕರಾಮತ್ತು. ಸೈಟೊಕೈನ್ ಎಂಬ ಸಂದೇಶದ ಕಣಗಳು ರಕ್ತದಲ್ಲಿ ಹೊರಡುತ್ತವೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಗಾಯದತ್ತ ನುಗ್ಗುತ್ತವೆ. ಸುದ್ದಿ ಯಕೃತ್ತಿಗೆ ಮುಟ್ಟಿದಾಗ ಅದು ಹ್ಯಾಪ್ಟೊಗ್ಲೊಬಿನ್‌ನಂಥ ಪ್ರೋಟೀನುಗಳನ್ನು ತಯಾರಿಸಲು ಕೂರುತ್ತದೆ. ಇವು ರಕ್ತದಲ್ಲಿ ಎದ್ದು ಕಾಣಲು ಒಂದೆರಡು ದಿನವೇ ಬೇಕು. ಅಷ್ಟರಲ್ಲಿ ಕಾರ್ಟಿಸೋಲ್ ಬಂದುಹೋದದ್ದರ ಗುರುತೂ ರಕ್ತಕಣಗಳ ಎಣಿಕೆಯಲ್ಲಿ ಸಿಗುತ್ತದೆ. ನ್ಯೂಟ್ರೋಫಿಲ್‌ಗಳ ಪಾಲು ಏರಿರುತ್ತದೆ, ಪ್ರತಿಕಾಯ ತಯಾರಿಸುವ ಲಿಂಫೋಸೈಟ್‌ಗಳ ಪಾಲು ಇಳಿದಿರುತ್ತದೆ. ಲಿಂಫೋಸೈಟ್‌ಗಳು ಸತ್ತುಹೋದವು ಎಂದಲ್ಲ. ಬಹುಪಾಲು ರಕ್ತ ಬಿಟ್ಟು ಬೇರೆ ಅಂಗಾಂಶಗಳಿಗೆ ಸರಿದಿರುತ್ತವೆ. ಜಾತ್ರೆಯಲ್ಲಿ ಗಲಾಟೆಯಾದಾಗ ಊರಿನ ಠಾಣೆ ಖಾಲಿಯಾದ ಹಾಗೆ.

ಇಲ್ಲೊಂದು ಮಾತು ಸ್ಪಷ್ಟವಾಗಿರಬೇಕು. ಬೀಜ ತೆಗೆದರೆ ಮರಿಯ ರೋಗನಿರೋಧ ಶಕ್ತಿ ಕುಸಿದುಬೀಳುತ್ತದೆ ಎಂದು ಹೆದರಿಸುವವರಿದ್ದಾರೆ, ಏನೂ ಆಗುವುದಿಲ್ಲ ಎನ್ನುವವರೂ ಇದ್ದಾರೆ. ಎರಡೂ ಅತಿ. ಕೆಲವು ಗಂಟೆಗಳ ಕಾರ್ಟಿಸೋಲ್ ಆರೋಗ್ಯವಂತ ಮರಿಗೆ ಶತ್ರುವಲ್ಲ, ಬಾವು ಮಿತಿ ಮೀರದಂತೆ ಹಿಡಿದಿಡುವುದೂ ಅದೇ. ಮರಿಗೆ ಮುಳುವಾಗುವುದು ಒಂದರ ಮೇಲೊಂದು ಪೇರಿಸಿದ ಒತ್ತಡ. ಗಿಣ್ಣುಹಾಲು ಸಾಲದ ಮರಿ, ತಣ್ಣಗಿನ ಸಿಮೆಂಟು ನೆಲ, ಅದೇ ದಿನ ಹಲ್ಲು ಕತ್ತರಿಸಿದ್ದು, ಅದೇ ದಿನ ಬಾಲ ಕತ್ತರಿಸಿದ್ದು, ಅದೇ ದಿನ ಬೇರೆ ಗೂಡಿಗೆ ಸಾಗಿಸಿದ್ದು, ಅದರ ಮೇಲೆ ಈ ಗಾಯ. ‘ಹೇಗೂ ಹಿಡಿದಿದ್ದೇವಲ್ಲ, ಎಲ್ಲ ಒಟ್ಟಿಗೇ ಮುಗಿಸಿಬಿಡೋಣ’ ಎಂಬ ಜಾಣತನ ಕೂಲಿ ಲೆಕ್ಕದಲ್ಲಿ ಉಳಿತಾಯ, ಮರಿಗಳ ಲೆಕ್ಕದಲ್ಲಿ ನಷ್ಟ.

ಹಂದಿಮರಿಯ ಕಥೆ ಮೊದಲೇ ನಾಜೂಕು. ತಾಯಿಯ ಗರ್ಭಕೋಶದಿಂದ ಮರಿಯ ರಕ್ತಕ್ಕೆ ಪ್ರತಿಕಾಯಗಳು ದಾಟಿ ಬರುವುದಿಲ್ಲ. ಅದು ಬರಿಗೈಯಲ್ಲಿ ಹುಟ್ಟುತ್ತದೆ. ಇರುವುದೊಂದೇ ದಾರಿ, ಗಿಣ್ಣುಹಾಲು. ಅದರಲ್ಲಿನ ಪ್ರತಿಕಾಯಗಳನ್ನು ಇಡಿಯಾಗಿ ಒಳಬಿಟ್ಟುಕೊಳ್ಳುವ ಮರಿಯ ಕರುಳಿನ ಬಾಗಿಲು ಒಂದು, ಒಂದೂವರೆ ದಿನದಲ್ಲಿ ಮುಚ್ಚಿಹೋಗುತ್ತದೆ. ಮೊದಲ ದಿನ ಮರಿಯೊಂದಕ್ಕೆ ಸುಮಾರು 250 ಗ್ರಾಂ ಗಿಣ್ಣುಹಾಲು ಸಿಗಬೇಕೆಂದು ಲೆಕ್ಕ. ಕೊನೆಯಲ್ಲಿ ಹುಟ್ಟಿದ ಬಡಕಲು ಮರಿಗೆ ಅದು ಸಿಗುವುದೇ ಕಷ್ಟ. ಮೈಯಲ್ಲಿ ಕೊಬ್ಬೂ ಇಲ್ಲ. ಹುಟ್ಟುವಾಗ ಶೇ 1–2ರಷ್ಟು ಮಾತ್ರ. ಮನುಷ್ಯರ ಶಿಶುವಿಗಿರುವ, ಮೈ ಬೆಚ್ಚಗಿಡುವ ಕಂದು ಕೊಬ್ಬಂತೂ ಇಲ್ಲವೇ ಇಲ್ಲ. ಹುಟ್ಟಿದ ಮರಿಗೆ ಸುತ್ತಲಿನ ಗಾಳಿ 34 ಡಿಗ್ರಿಗಿಂತ ಕೆಳಗಿಳಿದರೆ ಚಳಿಯೇ. ಮಡಿಕೇರಿಯ ಮಳೆಗಾಲದ ರಾತ್ರಿಯಲ್ಲಿ ಹಿಟ್ಟಿನ ಚೀಲ ಕಟ್ಟಿದ ಕಿಟಕಿಯ ಗೂಡಿನೊಳಗೆ ಎಷ್ಟು ಡಿಗ್ರಿ ಇರುತ್ತದೆಂಬುದನ್ನು ಓದುಗರೇ ಊಹಿಸಬಹುದು.

ಚಿಕ್ಕದಕ್ಕೆ ನೋವು ಕಡಿಮೆಯೇ?

‘ಎಳೇ ಮರಿ, ಅದಕ್ಕೇನು ಗೊತ್ತಾಗುತ್ತೆ’ ಎಂಬ ನಂಬಿಕೆ ಹಟ್ಟಿಯಲ್ಲಷ್ಟೇ ಇದ್ದದ್ದಲ್ಲ, ಆಸ್ಪತ್ರೆಗಳಲ್ಲೂ ಇತ್ತು. 1980ರ ದಶಕದವರೆಗೆ ಪಶ್ಚಿಮದ ದೊಡ್ಡ ಆಸ್ಪತ್ರೆಗಳಲ್ಲೇ ನವಜಾತ ಶಿಶುಗಳಿಗೆ ಸಾಕಷ್ಟು ನೋವುನಿವಾರಕವಿಲ್ಲದೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಆಕ್ಸ್‌ಫರ್ಡ್‌ನಲ್ಲಿದ್ದ ಭಾರತ ಮೂಲದ ವೈದ್ಯ ಕೆ.ಜೆ.ಎಸ್. ಆನಂದ್ ಮತ್ತು ಅವರ ಸಂಗಡಿಗರು 1987ರಲ್ಲಿ ಪ್ರಕಟಿಸಿದ ಕೆಲಸ ಆ ನಂಬಿಕೆಯ ಬುಡ ಅಲುಗಿಸಿತು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಶಸ್ತ್ರಚಿಕಿತ್ಸೆಯ ವೇಳೆ ಫೆಂಟನಿಲ್ ಎಂಬ ಪ್ರಬಲ ನೋವುನಿವಾರಕ ಕೊಟ್ಟಾಗ ಒತ್ತಡದ ಹಾರ್ಮೋನುಗಳ ಉಬ್ಬರ ತಗ್ಗಿತು, ಆಮೇಲಿನ ತೊಡಕುಗಳೂ ಕಡಿಮೆಯಾದವು. ಹಂದಿಮರಿಗಳಲ್ಲಿ ನೋವಿನ ಅಳತೆಗೋಲಾಗಿ ಇಂದು ನೋಡುವುದೂ ಅದೇ ಬಗೆಯ ಹಾರ್ಮೋನುಗಳನ್ನೇ.

ಮರಿಗಳ ಕೂಗನ್ನು ಧ್ವನಿಮುದ್ರಿಸಿ ವಿಶ್ಲೇಷಿಸಿದವರೂ ಇದ್ದಾರೆ. 1000 ಹರ್ಟ್ಜ್‌ಗಿಂತ ಮೇಲಿನ ತೀಕ್ಷ್ಣ ಕೂಗುಗಳ ಸಂಖ್ಯೆ ಹಿಡಿದಾಗ ಒಂದಿಷ್ಟು, ಕೊಯ್ದಾಗ ಇನ್ನಷ್ಟು, ಹುರಿಯನ್ನು ಎಳೆದು ಕತ್ತರಿಸುವಾಗ ಎಲ್ಲಕ್ಕಿಂತ ಹೆಚ್ಚು. ಒಂದೇ ದಿನದ ಮರಿಯಲ್ಲಾಗಲಿ ಇಪ್ಪತ್ತು ದಿನದ ಮರಿಯಲ್ಲಾಗಲಿ ನೋವಿನ ಲಕ್ಷಣಗಳು ಕಂಡೇ ಕಾಣುತ್ತವೆ. ಹುಟ್ಟಿದ ದಿನವೇ ಮುಗಿಸಿದರೆ ಲಾಭ ಎಂದುಕೊಂಡವರಿಗೆ ಇನ್ನೊಂದು ಪೆಟ್ಟು ಕಾದಿದೆ. 1990ರ ದಶಕದ ಅಮೆರಿಕದ ಅಧ್ಯಯನವೊಂದರಲ್ಲಿ ಮೊದಲ ದಿನವೇ ಬೀಜ ತೆಗೆಸಿಕೊಂಡ ಮರಿಗಳು ಎರಡು ವಾರಕ್ಕೆ ತೆಗೆಸಿಕೊಂಡವುಗಳಿಗಿಂತ ಹಾಲು ಬಿಡಿಸುವ ಹೊತ್ತಿಗೆ ಕಡಿಮೆ ತೂಗಿದವು. ಮೊದಲ ದಿನ ಮರಿಗಿರುವ ಕೆಲಸ ಒಂದೇ, ಮೊಲೆ ಹಿಡಿದುಕೊಳ್ಳುವುದು. ನೋವಿನಿಂದ ಅದು ಹಿಂದೆ ಬಿದ್ದರೆ ಒಳ್ಳೆಯ ಮೊಲೆಯೂ ಹೋಯಿತು, ಗಿಣ್ಣುಹಾಲೂ ಹೋಯಿತು.

ಯಾವ ದಿನ, ಯಾವ ಕೈ

ಹಾಗಾಗಿ ಮೊದಲ ಎರಡು ದಿನ ಬೇಡ. ಮೂರನೇ ದಿನದಿಂದ ಏಳನೇ ದಿನದೊಳಗೆ, ಮರಿ ಚೆನ್ನಾಗಿ ಹಾಲು ಕುಡಿಯುತ್ತಿದೆ ಎಂದು ಖಾತ್ರಿಯಾದ ಮೇಲೆ. ವಾರ ದಾಟಿದರೆ ಹುರಿಯ ರಕ್ತನಾಳಗಳು ದಪ್ಪವಾಗುತ್ತವೆ, ಗಾಯ ದೊಡ್ಡದಾಗುತ್ತದೆ, ಹಿಡಿಯಲು ಇಬ್ಬರು ಬೇಕಾಗುತ್ತದೆ. ಯುರೋಪಿಯನ್ ಒಕ್ಕೂಟದ 2008ರ ನಿಯಮ ಏಳನೇ ದಿನದ ನಂತರ ಅರಿವಳಿಕೆ ಮತ್ತು ದೀರ್ಘಾವಧಿಯ ನೋವುನಿವಾರಕ ಕೊಟ್ಟು ಪಶುವೈದ್ಯರೇ ಮಾಡಬೇಕು ಎನ್ನುತ್ತದೆ. ನಮ್ಮಲ್ಲಿ ‘ಆಮೇಲೆ ನೋಡೋಣ’ ಎಂದು ಮೂರು ತಿಂಗಳು ಬಿಟ್ಟು, ಮೂವತ್ತು ಕಿಲೋ ತೂಗುವ ಹಂದಿಯನ್ನು ನಾಲ್ಕು ಜನ ಕಾಲಲ್ಲಿ ಅದುಮಿ ಹಿಡಿದು ಕೊಯ್ಯುವುದುಂಟು. ಅದನ್ನು ನೋಡಿದವರು ಇನ್ನೊಮ್ಮೆ ನೋಡಲಾರರು. ರಕ್ತ ನಿಲ್ಲದೆ ಸತ್ತ ಹಂದಿಗಳ ಕಥೆ ಕೇಳಿಬರುವುದೂ ಇಂಥ ಗೂಡುಗಳಿಂದಲೇ. ಅಷ್ಟು ದೊಡ್ಡದಕ್ಕೆ ಅರಿವಳಿಕೆಯೂ ಪಶುವೈದ್ಯರೂ ಬೇಕೇ ಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಬೀಜ ತೆಗೆಯುವುದನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟಿರುವುದು ನಿಗದಿತ ರೀತಿಯಲ್ಲಿ ಮಾಡಿದಾಗ ಮಾತ್ರ.

ಹಾಲು ಬಿಡಿಸುವ ವಾರ, ಲಸಿಕೆಯ ದಿನ, ಗೂಡು ಬದಲಿಸುವ ದಿನ ಇವುಗಳಿಂದ ಬೀಜ ತೆಗೆಯುವುದನ್ನು ದೂರವಿಡುವುದು ಮೇಲು. ಕಬ್ಬಿಣಾಂಶದ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೂರನೇ ದಿನದ ಸುಮಾರಿಗೆ ಕೊಡುತ್ತಾರೆ. ಮರಿಗೆ ದಿನಕ್ಕೆ 7ರಿಂದ 10 ಮಿಲಿಗ್ರಾಂ ಕಬ್ಬಿಣ ಬೇಕು, ತಾಯಿಯ ಹಾಲಿನಲ್ಲಿ ಸಿಗುವುದು ಒಂದು ಮಿಲಿಗ್ರಾಮಿನಷ್ಟು. ರಕ್ತಹೀನ ಮರಿಯ ಗಾಯ ಬೇಗ ಮಾಯುವುದಿಲ್ಲ. ಮೊದಲು ಕಬ್ಬಿಣ, ಎರಡು ದಿನ ಬಿಟ್ಟು ಬ್ಲೇಡು ಎಂದು ಅಂತರವಿಟ್ಟುಕೊಂಡರೆ ಮರಿಗೂ ಉಸಿರು ಸಿಗುತ್ತದೆ.

ಕೊಯ್ಯುವ ಮುನ್ನ ಪ್ರತಿ ಮರಿಯ ಬೀಜದ ಚೀಲವನ್ನು ಬೆರಳಲ್ಲಿ ಮುಟ್ಟಿ ನೋಡಬೇಕು. ಎರಡೂ ಬೀಜ ಇಳಿದಿವೆಯೇ? ತಲೆ ಮೇಲಾಗಿ ಹಿಡಿದು ಹೊಟ್ಟೆಯನ್ನು ಮೆಲ್ಲನೆ ಒತ್ತಿದಾಗ ಚೀಲದಲ್ಲಿ ಮೆತ್ತನೆ ಉಬ್ಬು ಕಾಣುತ್ತದೆಯೇ? ಕಂಡರೆ ಅದು ಹರ್ನಿಯಾ. ಕೊಯ್ದ ಕೂಡಲೇ ಕರುಳು ಹೊರಬರುತ್ತದೆ. ಅಂಥ ಮರಿಯನ್ನು ಪಕ್ಕಕ್ಕಿಟ್ಟು ಪಶುವೈದ್ಯರಿಗೆ ಬಿಡಬೇಕು. ಗೊತ್ತಾಗದೆ ಕೊಯ್ದು ಕರುಳು ಬಂದೇಬಿಟ್ಟರೆ ಬೆರಳಲ್ಲಿ ಒಳತಳ್ಳುವ ಸಾಹಸ ಬೇಡ, ಸಲೈನಿನಲ್ಲಿ ಅದ್ದಿದ ಶುಭ್ರ ಬಟ್ಟೆ ಸುತ್ತಿ ತಕ್ಷಣ ವೈದ್ಯರ ಬಳಿಗೆ ಒಯ್ಯಬೇಕು.

ಬ್ಲೇಡಿನ ವಿಷಯದಲ್ಲಿ ಜಿಪುಣತನ ಸಲ್ಲ. ಒಂದು ತಾಯಿಯ ಮರಿಗಳಿಗೆ ಬಳಸಿದ್ದನ್ನು ಇನ್ನೊಂದು ತಾಯಿಯ ಮರಿಗಳಿಗೆ ಬಳಸಲೇಬಾರದು. ಮರಿಗೊಂದಾದರೆ ಇನ್ನೂ ಒಳ್ಳೆಯದು. 2020ರಲ್ಲಿ ಅಸ್ಸಾಂ, ಅರುಣಾಚಲಗಳ ಮೂಲಕ ಭಾರತಕ್ಕೆ ಕಾಲಿಟ್ಟ ಆಫ್ರಿಕನ್ ಹಂದಿ ಜ್ವರ ರಕ್ತದ ಮೂಲಕ ಸಲೀಸಾಗಿ ಹರಡುತ್ತದೆ, ಅದಕ್ಕೆ ಮದ್ದಿಲ್ಲ. ಗೂಡಿನಿಂದ ಗೂಡಿಗೆ ಒಂದೇ ಬ್ಲೇಡು, ಒಂದೇ ಟಿಂಕ್ಚರ್ ಡಬ್ಬ ಹಿಡಿದು ಹೋಗುವ ಕೂಲಿಯವನನ್ನು ಕರೆಯುವ ಮುನ್ನ ಇದನ್ನು ನೆನೆಯಬೇಕು. ಕೊಯ್ತ ಚಿಕ್ಕದಾಗಿ, ಚೀಲದ ತಳಭಾಗದಲ್ಲಿರಬೇಕು. ಆಗ ಒಳಗಿನ ನೀರು ನಿಲ್ಲದೆ ಇಳಿದುಹೋಗುತ್ತದೆ. ಹೊಲಿಗೆ ಬೇಡ. ನೊಣದ ಕಾಲದಲ್ಲಿ ಗಾಯದ ಸುತ್ತ ನೊಣ ಬಾರದಂತೆ ಹಚ್ಚುವ ಮುಲಾಮು ಇಲ್ಲದಿದ್ದರೆ ಮೂರನೇ ದಿನ ಹುಳ ಬಿದ್ದಿರುತ್ತದೆ.

ನೋವಿಗೆ ಮದ್ದು

ನಮ್ಮ ಹಟ್ಟಿಗಳಲ್ಲಿ ಹೆಚ್ಚಾಗಿ ತಪ್ಪಿಹೋಗುವ ಹೆಜ್ಜೆ ಇದೇ. ಮೆಲಾಕ್ಸಿಕಾಮ್ ಎಂಬ ನೋವುನಿವಾರಕ ಪ್ರೊಸ್ಟಗ್ಲಾಂಡಿನ್‌ಗಳ ತಯಾರಿಕೆಯನ್ನೇ ತಡೆಯುತ್ತದೆ. ಎರಡನೇ ಗಡಿಯಾರವನ್ನು ತಗ್ಗಿಸುವ ಮದ್ದು ಇದು. ಯುರೋಪಿನಲ್ಲಿ ಮರಿಗಳಿಗೆ ಒಪ್ಪಿಗೆ ಪಡೆದ ಪ್ರಮಾಣ ಕಿಲೋಗೆ 0.4 ಮಿಲಿಗ್ರಾಂ, ಕೊಯ್ಯುವ ಅರ್ಧ ಗಂಟೆ ಮುಂಚೆ. ಒಂದೂವರೆ ಕಿಲೋ ಮರಿಗೆ 0.6 ಮಿಲಿಗ್ರಾಂ. ಒಂದು ಮಿಲಿಲೀಟರಿನಲ್ಲಿ 5 ಮಿಲಿಗ್ರಾಂ ಇರುವ ಬಾಟಲಿಯಾದರೆ ಬರೀ 0.12 ಮಿಲಿಲೀಟರ್, ಎರಡು–ಮೂರು ಹನಿ. ದನಕ್ಕೆ ಬಳಸುವ ದೊಡ್ಡ ಸಿರಿಂಜಿನಲ್ಲಿ ಇದನ್ನು ಅಳೆಯಲು ಹೊರಟರೆ ಅಳತೆ ತಪ್ಪುವುದು ಖಂಡಿತ. ಒಂದು ಮಿಲಿಲೀಟರಿನ ಸಣ್ಣ ಸಿರಿಂಜು ಬೇಕು. ಬಾಟಲಿಯ ಮೇಲಿನ ಸಾಂದ್ರತೆಯನ್ನು ಪಶುವೈದ್ಯರಿಗೆ ತೋರಿಸಿ ಪ್ರಮಾಣ ಬರೆಸಿಕೊಳ್ಳಬೇಕು.

ಮದ್ದಿನ ಆಯ್ಕೆಯಲ್ಲಿ ರಣಹದ್ದಿಗೂ ಒಂದು ಪಾತ್ರವಿದೆ. ಸತ್ತ ದನದ ಮೈಯಲ್ಲಿ ಉಳಿದ ಡೈಕ್ಲೋಫಿನಾಕ್ ಎಂಬ ನೋವುನಿವಾರಕ ತಿಂದು ರಣಹದ್ದುಗಳು ಸಾಲುಸಾಲಾಗಿ ಸತ್ತ ಮೇಲೆ ಭಾರತ ಅದನ್ನು ಪಶುಚಿಕಿತ್ಸೆಯಲ್ಲಿ 2006ರಲ್ಲಿ ನಿಷೇಧಿಸಿತು. ಕೀಟೊಪ್ರೊಫೇನ್ ಮತ್ತು ಅಸಿಕ್ಲೋಫಿನಾಕ್ 2023ರಲ್ಲಿ ಆ ಪಟ್ಟಿ ಸೇರಿದವು. ವಿದೇಶದ ಕೈಪಿಡಿಗಳಲ್ಲಿ ಹಂದಿಮರಿಗೆ ಕೀಟೊಪ್ರೊಫೇನ್ ಎಂದು ಬರೆದಿರುವುದನ್ನು ಓದಿ ಔಷಧಿ ಅಂಗಡಿಗೆ ಹೋಗುವುದು ಹಾಗಾಗಿ ವ್ಯರ್ಥ. ಮೆಲಾಕ್ಸಿಕಾಮ್ ರಣಹದ್ದಿಗೆ ಸುರಕ್ಷಿತವೆಂದು ಕಂಡುಬಂದಿರುವ ಮದ್ದು. 2012ರಲ್ಲಿ ರಣಹದ್ದುಗಳಿಗೆಂದೇ ಘೋಷಿಸಿದ ಧಾಮ ರಾಮನಗರದ ರಾಮದೇವರ ಬೆಟ್ಟದಲ್ಲಿರುವ ಕರ್ನಾಟಕಕ್ಕೆ ಇದು ದೂರದ ಸುದ್ದಿಯಲ್ಲ.

ಮೆಲಾಕ್ಸಿಕಾಮ್ ಕೊಟ್ಟ ಮಾತ್ರಕ್ಕೆ ಬ್ಲೇಡು ತಾಗುವ ಕ್ಷಣದ ನೋವು ಹೋಗುವುದಿಲ್ಲ. ಆ ಕ್ಷಣಕ್ಕೆ ಲಿಗ್ನೊಕೇನ್‌ನಂಥ, ಆ ಜಾಗವನ್ನಷ್ಟೇ ಮರಗಟ್ಟಿಸುವ ಅರಿವಳಿಕೆ ಬೇಕು. ಅದನ್ನು ಚುಚ್ಚುವುದೂ ನೋವೇ, ಎರಡನೇ ಸಲ ಹಿಡಿಯುವುದೂ ಒತ್ತಡವೇ, ಪ್ರಮಾಣ ಮೀರಿದರೆ ಇಷ್ಟು ಪುಟ್ಟ ಜೀವಕ್ಕೆ ವಿಷವೇ. ಮರೆತುಹೋಗುವ ಇನ್ನೊಂದು ಸಂಗತಿಯೆಂದರೆ ಚುಚ್ಚಿ ಕೆಲವು ನಿಮಿಷ ಕಾಯಬೇಕು. ಚುಚ್ಚಿದ ಬೆನ್ನಲ್ಲೇ ಕೊಯ್ದರೆ ಮರಿಗೆ ಎರಡು ನೋವು ಕೊಟ್ಟಂತಾಯಿತು, ಅಷ್ಟೇ. ಇದನ್ನು ವೈದ್ಯರ ಕೈಯಲ್ಲೇ ಮಾಡಿಸುವುದು ಕ್ಷೇಮ.

ಈ ಮದ್ದಿನ ಪ್ರಶ್ನೆಯೇ ಯುರೋಪಿನಲ್ಲಿ ಇಪ್ಪತ್ತು ವರ್ಷಗಳ ಜಗ್ಗಾಟವಾಗಿದೆ. ನಾರ್ವೆ 2002ರಲ್ಲೇ ಅರಿವಳಿಕೆ ಕಡ್ಡಾಯ ಮಾಡಿತು. ಸ್ವಿಟ್ಜರ್ಲೆಂಡಿನಲ್ಲಿ 2010ರಿಂದ ಅರಿವಳಿಕೆಯಿಲ್ಲದೆ ಕೊಯ್ಯುವಂತಿಲ್ಲ. ಅದೇ ವರ್ಷ ಯುರೋಪಿನ ಸಾಕಣೆಗಾರರು, ಮಾಂಸೋದ್ಯಮದವರು, ಪ್ರಾಣಿದಯಾ ಸಂಘಟನೆಗಳು ಒಟ್ಟಾಗಿ 2018ರ ಜನವರಿ 1ರೊಳಗೆ ಕೊಯ್ಯುವುದನ್ನೇ ಬಿಡುತ್ತೇವೆ ಎಂದು ಸ್ವಇಚ್ಛೆಯ ಘೋಷಣೆ ಹೊರಡಿಸಿದರು. ಗಡುವು ಬಂತು, ಹೋಯಿತು. ಜರ್ಮನಿ 2019ರಿಂದ ಎಂದು ಕಾನೂನು ಬರೆದು, ಕೊನೇ ಗಳಿಗೆಯಲ್ಲಿ ಎರಡು ವರ್ಷ ಮುಂದೂಡಿ, 2021ರ ಜನವರಿಯಿಂದ ಜಾರಿಗೆ ತಂದಿತು. ಈಗ ಅಲ್ಲಿ ತರಬೇತಿ ಪಡೆದ ಸಾಕಣೆಗಾರರೇ ಐಸೊಫ್ಲುರೇನ್ ಅನಿಲ ಕೊಟ್ಟು ಮರಿಯ ಪ್ರಜ್ಞೆ ತಪ್ಪಿಸಬಹುದು. ಮರಿ ಎಚ್ಚರಗೊಂಡ ಮೇಲಿನ ನೋವಿಗೆ ಆ ಅನಿಲ ಏನೂ ಮಾಡದು. ಅದಕ್ಕೆ ಮೆಲಾಕ್ಸಿಕಾಮ್‌ನಂಥದ್ದೇ ಬೇಕು.

ಕೊಯ್ಯದೆ ವಾಸನೆ ತಡೆಯುವ ಇನ್ನೊಂದು ಹಾದಿ ಲಸಿಕೆ. ಆಸ್ಟ್ರೇಲಿಯಾದಲ್ಲಿ 1998ರಿಂದಲೇ ಬಳಕೆಯಲ್ಲಿದೆ, ಯುರೋಪಿನಲ್ಲಿ 2009ರಲ್ಲಿ ಒಪ್ಪಿಗೆ ಸಿಕ್ಕಿತು. ಬೀಜಕ್ಕೆ ಕೆಲಸ ಮಾಡು ಎಂದು ಮಿದುಳಿನಿಂದ ಹೊರಡುವ ಹಾರ್ಮೋನಿನ ವಿರುದ್ಧವೇ ಹಂದಿಯ ಮೈ ಪ್ರತಿಕಾಯ ತಯಾರಿಸುವಂತೆ ಅದು ಮಾಡುತ್ತದೆ. ನಾಲ್ಕು ವಾರಗಳಿಗಿಂತ ಹೆಚ್ಚಿನ ಅಂತರದಲ್ಲಿ ಎರಡು ಚುಚ್ಚು, ಎರಡನೆಯದು ಮಾರುವ ನಾಲ್ಕರಿಂದ ಆರು ವಾರ ಮೊದಲು. ಅಲ್ಲಿಯವರೆಗೆ ಹಂದಿ ಗಂಡಾಗಿಯೇ ಬೆಳೆಯುವುದರಿಂದ ಮೇವಿನ ಲೆಕ್ಕದಲ್ಲೂ ಲಾಭ. ರೋಗನಿರೋಧ ವ್ಯವಸ್ಥೆಗೆ ಗಾಯದ ಕೆಲಸ ಕೊಡುವ ಬದಲು ಬ್ಲೇಡಿನ ಕೆಲಸವನ್ನೇ ಅದರ ಕೈಗೆ ಕೊಟ್ಟಂತೆ. ಚುಚ್ಚುವವನ ಕೈಗೇ ಸೂಜಿ ತಗುಲಿದರೆ ಅವನ ಹಾರ್ಮೋನಿನ ಮೇಲೂ ಪರಿಣಾಮವಾಗಬಹುದು, ಅದಕ್ಕೇ ಸೂಜಿ ಮುಚ್ಚಿಕೊಳ್ಳುವ ವಿಶೇಷ ಸಿರಿಂಜು ಬಳಸುತ್ತಾರೆ.

ಸಂಜೆಯ ಪಾಳಿ

ಬೆಳಿಗ್ಗೆ ಮಾಡಿದ ಕೆಲಸದ ಪರೀಕ್ಷೆ ಆಗುವುದು ಅಂದು ಸಂಜೆ. ಗೂಡಿನ ಮೂಲೆಯಲ್ಲಿ ಬಲ್ಬು ಉರಿಯುತ್ತಿರಬೇಕು, ಕೆಳಗೆ ಒಣಗಿದ ಬತ್ತದ ಹುಲ್ಲೋ ಗೋಣಿಯೋ ಇರಬೇಕು. ಮರದ ಪುಡಿ ಹಸಿ ಗಾಯಕ್ಕೆ ಮೆತ್ತಿಕೊಳ್ಳುವುದರಿಂದ ಮೊದಲ ಎರಡು ದಿನ ಬೇಡ. ಇಷ್ಟಾದ ಮೇಲೆ ಒಂದು ಬಕೆಟ್ ಬೋರಲು ಹಾಕಿ, ಅದರ ಮೇಲೆ ಕೂತು ಒಂದು ಗಂಟೆ ಸುಮ್ಮನೆ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಹಂದಿ ಹಾಲೂಡಿಸುವ ಕ್ರಮ ವಿಚಿತ್ರ. ತಾಯಿ ಸುಮಾರು ಗಂಟೆಗೊಮ್ಮೆ ಪಕ್ಕಕ್ಕೆ ಒರಗಿ ಗುರುಗುಟ್ಟುತ್ತದೆ. ಮರಿಗಳು ಓಡಿಬಂದು ತಂತಮ್ಮ ಮೊಲೆ ಹಿಡಿದು ಮೂತಿಯಿಂದ ತಿವಿಯುತ್ತವೆ. ಗುರುಗುಟ್ಟುವುದು ಚುರುಕಾಗುತ್ತದೆ. ಆಮೇಲೆ ಹಾಲು ಇಳಿಯುವುದು ಇಪ್ಪತ್ತು ಸೆಕೆಂಡು, ಅಷ್ಟೇ. ಆ ಇಪ್ಪತ್ತು ಸೆಕೆಂಡಿಗೆ ಬಾರದ ಮರಿಗೆ ಇನ್ನೊಂದು ಗಂಟೆ ಉಪವಾಸ.

ಬಕೆಟ್ ಮೇಲೆ ಕೂತವನು ಎಣಿಸಬೇಕಾದ್ದು ಇದನ್ನೇ. ಹತ್ತು ಮರಿಗಳಲ್ಲಿ ಎಷ್ಟು ಮೊಲೆ ಹಿಡಿದವು? ಒಂದು ಮರಿ ಗೋಡೆಗೆ ಮುಖ ಮಾಡಿ, ಬೆನ್ನು ಗೂನಿಸಿ, ಕಿವಿ ಹಿಂದಕ್ಕೆ ಒತ್ತಿ, ಕಣ್ಣು ಕಿರಿದು ಮಾಡಿ ನಿಂತಿದೆಯೇ? ಒಂದು ಸರದಿ ತಪ್ಪಿಸಿಕೊಂಡರೆ ಪರವಾಗಿಲ್ಲ. ಸತತ ಎರಡು ಸರದಿ ತಪ್ಪಿಸಿಕೊಂಡ ಮರಿಯನ್ನು ಎತ್ತಿ ಗಾಯ ನೋಡಬೇಕು: ರಕ್ತ ಜಿನುಗುತ್ತಿದೆಯೇ, ಹುರಿಯ ತುಣುಕು ಜೋತುಬಿದ್ದಿದೆಯೇ, ಮೈ ತಣ್ಣಗಿದೆಯೇ. ತಣ್ಣಗಿದ್ದರೆ ಮೊದಲು ಬಲ್ಬಿನಡಿ ಬೆಚ್ಚಗೆ ಮಾಡಿ, ಆಮೇಲೆ ಮುಂದಿನ ಗುರುಗುಟ್ಟುವಿಕೆಗೆ ಕೈಯಾರೆ ಅದರ ಮೊಲೆಗೆ ಹಿಡಿಯಬೇಕು. ಅದರ ಬೆನ್ನಿಗೊಂದು ಬಣ್ಣದ ಗುರುತು ಹಾಕಿಟ್ಟರೆ ನಾಳೆ ಬೆಳಿಗ್ಗೆ ಗೂಡಿಗೆ ಬರುವವನಿಗೂ ಮೊದಲು ಯಾವುದನ್ನು ಎತ್ತಿ ನೋಡಬೇಕೆಂಬುದು ಗೊತ್ತಾಗುತ್ತದೆ.